ಮೊದಲ ಮನೆಯ ಕೊಡುಗೆ: ಶರಣರ ದೃಷ್ಟಿಯಲ್ಲಿ



ಬಸವಣ್ಣನವರ ವಚನಗಳಲ್ಲಿ ಮನೆಯ ರೂಪಕವು ಮತ್ತೆ ಮತ್ತೆ ಬರುತ್ತದೆ. ಅವುಗಳಲ್ಲಿ ಒಂದು ಬಹುತೇಕ ಸದ್ಭಕ್ತರಿಗೆಲ್ಲ ಕಂಠಸ್ಥವಾದುದು. ಬಾಗಿಲ ಬುಡದಲ್ಲಿ ಕಳೆ ಬೆಳೆದಿರುವ, ಒಳಗೆಲ್ಲ ಧೂಳು ಕವಿದಿರುವ ಒಂದು ಮನೆಯನ್ನು ಕಂಡು, ಇಲ್ಲಿ ಯಜಮಾನನು ವಾಸವಾಗಿರುವನೇ ಎಂದು ಅಣ್ಣನವರು ಸಂದೇಹಪಡುತ್ತಾರೆ. ಬಳಿಕ ಅದೇ ಸಂದೇಹವನ್ನು ಮನುಷ್ಯನ ತನುಮನಗಳತ್ತ ತಿರುಗಿಸುತ್ತಾರೆ. ಅಸತ್ಯವೂ ವಿಷಯಾಸಕ್ತಿಯೂ ಮನೆಮಾಡಿಕೊಂಡ ಅಂತರಂಗದಲ್ಲಿ ಪರಮಾತ್ಮನು ಇರುವನೆಂದು ನಂಬುವುದು ಹೇಗೆ ಎಂಬುದು ಆ ವಚನದ ತಿರುಳು.

ಈ ವಚನದ ಅಂತರಂಗದ ಅರ್ಥವನ್ನು ಪ್ರವಚನಕಾರರು ವಿಸ್ತಾರವಾಗಿ ಹೇಳುತ್ತಲೇ ಬಂದಿದ್ದಾರೆ. ಆದರೆ ರೂಪಕವೊಂದು ಮನಸ್ಸಿಗೆ ನಾಟಬೇಕಾದರೆ ಅದರ ಹೊರಗಿನ ಅರ್ಥವೂ ನಿಜವಾಗಿರಬೇಕು. ಮನೆಯ ಯಜಮಾನನು ನಿಜವಾಗಿ ಮನೆಯಲ್ಲಿದ್ದರೆ ಹೊಸ್ತಿಲು ಗುಡಿಸಲ್ಪಟ್ಟಿರುತ್ತದೆ, ಒಲೆ ಹತ್ತಿರುತ್ತದೆ, ಬಂದವರಿಗೆ ಕುಳಿತುಕೊಳ್ಳಲು ಜಾಗವಿರುತ್ತದೆ. ಬಾಡಿಗೆ ಕೊಟ್ಟು ಬೀಗದ ಕೈ ಇಟ್ಟುಕೊಂಡ ಮಾತ್ರಕ್ಕೆ ಯಾರೂ ಮನೆಯ ಒಡೆಯರಾಗುವುದಿಲ್ಲ. ಹಳ್ಳಿಯಿಂದ ನಗರಕ್ಕೆ ಹೋಗಿ ಮೊದಲ ಸಂಬಳದಲ್ಲಿ ಪುಟ್ಟ ಬಾಡಿಗೆ ಮನೆ ಹಿಡಿಯುವ ಮಕ್ಕಳ ವಿಷಯದಲ್ಲಿ ಈ ಮಾತನ್ನು ವಿಶೇಷವಾಗಿ ನೆನೆಯಬೇಕಾಗಿದೆ. ಬೆಳಿಗ್ಗೆ ಬೀಗ ಹಾಕಿ ಹೋದರೆ ರಾತ್ರಿಯೇ ತೆರೆಯುವ ಬಾಗಿಲು, ಹೋಟೆಲಿನ ಪೊಟ್ಟಣಗಳು ರಾಶಿಬಿದ್ದ ಮೂಲೆ, ಒಮ್ಮೆಯೂ ಹತ್ತದ ಒಲೆ ಇವು ಇಂದಿನ ಅನೇಕ ಕೋಣೆಗಳ ಸ್ಥಿತಿ. ಅಂತಹ ಮನೆಗೆ ಹಿರಿಯರು ಏನನ್ನು ಕೊಡಬೇಕು ಎಂಬ ಪ್ರಶ್ನೆಯು ಅಂಗಡಿಯ ಪ್ರಶ್ನೆಯಂತೆ ತೋರಿದರೂ ಧರ್ಮದ ಪ್ರಶ್ನೆಯೂ ಹೌದು. ಯಾವ ವಸ್ತುವು ಒಡೆಯನನ್ನು ಮನೆಯಲ್ಲಿ ನೆಲೆಗೊಳಿಸುವುದೋ ಅದೇ ಒಪ್ಪುವ ಕೊಡುಗೆ.

ಕುಂದಗೋಳ ತಾಲ್ಲೂಕಿನ ಗುಡಗೇರಿಯು ಹುಬ್ಬಳ್ಳಿ-ಹಾವೇರಿ ರೈಲುಮಾರ್ಗದ ಮೇಲಿರುವ ಊರು. ಸುತ್ತಲೂ ಎರೆಭೂಮಿ. ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿಗಳ ಬೆಳೆ. ಒಂದು ಕಡೆ ಗುರು ಗೋವಿಂದಭಟ್ಟರ ಕಳಸ, ಇನ್ನೊಂದು ಕಡೆ ಸಂತ ಶರೀಫರ ಶಿಶುನಾಳ. ಮಾಳಿಗೆ ಸೋರುವ ಮನೆಯನ್ನು ಅಜ್ಞಾನಕ್ಕೆ ಹೋಲಿಸಿ ಹಾಡಿದ ಶರೀಫರು (1819-1889) ಈ ನೆಲದವರು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದ ಇಲ್ಲಿಯ ಜನರಿಗೆ ಮನೆಯನ್ನು ವರ್ಷವರ್ಷವೂ ಸಂಬಾಳಿಸಿಕೊಳ್ಳಬೇಕೆಂಬುದು ಯಾರೂ ಕಲಿಸದೆ ಬಂದ ತಿಳಿವಳಿಕೆ.

ಈ ಭಾಗದ ಹಿಂದಿನ ತಲೆಮಾರಿನವರು ಮೊದಲ ಬಾರಿಗೆ ಮನೆ ಬಿಟ್ಟದ್ದು ಓದಿಗಾಗಿ. ಧಾರವಾಡದ ಮುರುಘಾಮಠದಲ್ಲಿ ಲಿಂಗೈಕ್ಯ ಮೃತ್ಯುಂಜಯ ಅಪ್ಪಗಳವರು ನಡೆಸಿದ ಉಚಿತ ಪ್ರಸಾದನಿಲಯದಂತಹ ನೆಲೆಗಳು ಎಷ್ಟೋ ಬಡ ಮಕ್ಕಳಿಗೆ ಮೊದಲ ಪರಊರಿನ ಮನೆಯಾದವು. ಅಂದು ಮಗನ ಕೈಗೆ ಕೊಡುತ್ತಿದ್ದುದು ತಗಡಿನ ಒಂದು ಟ್ರಂಕು, ಒಂದು ತಾಟು, ಒಂದು ತಂಬಿಗೆ, ಒಂದು ಕೌದಿ. ಅದಕ್ಕಿಂತ ಹೆಚ್ಚಿನದನ್ನು ಕೊಡುವ ಶಕ್ತಿ ಇರಲಿಲ್ಲವೆಂಬುದು ನಿಜ. ಆದರೂ ಆ ನಾಲ್ಕು ವಸ್ತುಗಳಲ್ಲಿ ವ್ಯರ್ಥವಾದುದು ಒಂದೂ ಇರಲಿಲ್ಲ. ಇಂದು ಶಕ್ತಿ ಹೆಚ್ಚಿದೆ, ವಿವೇಕಕ್ಕೆ ಪರೀಕ್ಷೆಯೂ ಹೆಚ್ಚಿದೆ.

ಗುಡಗೇರಿಯ ಒಕ್ಕಲು ಮನೆತನವೊಂದರ ಮಗಳು ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಪಡೆದಾಗ ಆ ಪರೀಕ್ಷೆ ಎದುರಾಯಿತು. ಮೊದಲ ಕೆಲವು ತಿಂಗಳು ಆಕೆ ಪೇಯಿಂಗ್ ಗೆಸ್ಟ್ ಆಗಿದ್ದು, ಬಳಿಕ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲಿನ ಮನೆಯನ್ನು ಗೊತ್ತು ಮಾಡಿಕೊಂಡಳು. ಸಾಮಾನು ಒಯ್ಯಲು ಊರಿಗೆ ಬಂದ ಆ ಸೋಮವಾರ ಬಂಧುಗಳೆಲ್ಲ ಆಯೇರಿ ಹಿಡಿದು ಬಂದರು. ಮೂರು ಗೋಡೆ ಗಡಿಯಾರಗಳು, ಗಾಜಿನ ತಟ್ಟೆಗಳ ದೊಡ್ಡ ಪೆಟ್ಟಿಗೆ, ಪ್ಲಾಸ್ಟಿಕ್ ಹೂವಿನ ಕುಂಡಗಳು, ಹತ್ತು ಜನರ ಅಡುಗೆಗೆ ಆಗುವ ಬೋಗುಣಿ ಇವೆಲ್ಲ ಪಡಸಾಲೆಯಲ್ಲಿ ಸೇರಿದವು. ಮಗಳ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಗಿತ್ತು. ಬೇಡವೆಂದರೆ ಕೊಟ್ಟವರಿಗೆ ನೋವು, ಒಯ್ಯುವೆನೆಂದರೆ ಇಡಲು ಸ್ಥಳವಿಲ್ಲ.

ಮನೆಯ ಅಜ್ಜಿ ಮೊಮ್ಮಗಳನ್ನು ಕರೆದು ಕೇಳಿದರು: "ನಿನ್ನ ಅಡಗಿಮನಿ ಕಟ್ಟಿ ಎಷ್ಟ ಉದ್ದ ಐತಿ?"

"ನಾಕ್ ಫೂಟ್ ಇರಬಹುದು, ಆಯೀ."

ಅಜ್ಜಿ ಬಳಪ ತರಿಸಿ ಪಡಸಾಲೆಯ ನೆಲದ ಮೇಲೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗೆರೆ ಎಳೆಸಿದರು. "ಇದರಾಗ ಏನ್ ಕುಂದರತೈತಿ ಅದನ್ನಷ್ಟ ಒಯ್ಯವ್ವಾ. ಉಳದದ್ದು ಇಲ್ಲೇ ಇರಲಿ. ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದರು. ಗಡಿಯಾರ ತಂದವರಲ್ಲಿ ಒಬ್ಬರಾದ ಸೋದರಮಾವನೇ ಮೊದಲು ನಕ್ಕು, "ಮೂರ್ ಗಡಿಯಾರ ಇದ್ರ ಮೂರ್ ವ್ಯಾಳ್ಯಾ ತೋರಸ್ತಾವ, ಒಂದ ಸಾಕು," ಎಂದು ತಮ್ಮದನ್ನು ಹಿಂದಕ್ಕೆ ಸರಿಸಿದರು.

ಆ ಬಳಪದ ಗೆರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಅರಿವು ಇತ್ತೆಂದರೆ ಅತಿಶಯೋಕ್ತಿಯಲ್ಲ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯವನ್ನು ಮೀರಿದುದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದರೆಂಬುದು ಪರಂಪರೆಯಿಂದ ಬಂದ ಕಥನ. ಅಕ್ಕಿ ಕೆಟ್ಟದ್ದೆಂದು ಅವರು ಹೇಳಲಿಲ್ಲ, ಕಳವಿನದೆಂದೂ ಹೇಳಲಿಲ್ಲ. ಅಳತೆ ಮೀರಿದಾಗ ಒಳ್ಳೆಯದೂ ಭಾರವಾಗುತ್ತದೆ ಎಂಬುದಷ್ಟೇ ಅವರ ನಿಲುವು. ಸಣ್ಣ ಮನೆಗೆ ಕೊಡುವವರು ಮೊದಲು ಆ ಮನೆಯ ಅಳತೆಯನ್ನು ಕೇಳಬೇಕು. ಕೊಡುವ ಕೈ ಎಷ್ಟು ದೊಡ್ಡದು ಎಂಬುದನ್ನು ಅಳೆಯುತ್ತ ಕುಳಿತರೆ ಪಡೆಯುವವರ ಕಟ್ಟೆ ನಾಲ್ಕೇ ಅಡಿ ಎಂಬುದು ಮರೆತುಹೋಗುತ್ತದೆ.

ಬಾಡಿಗೆ ಮನೆಗೆ ಇನ್ನೊಂದು ಗುಣವಿದೆ. ಅದರ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಈ ರೂಢಿ ಬಂದಿದೆ. ಆದ್ದರಿಂದ ಯುವಕ ಯುವತಿಯರು ವರ್ಷಕ್ಕೊಮ್ಮೆ ಮನೆ ಬದಲಿಸುವ ಪ್ರಸಂಗ ಬರಬಹುದು. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಎತ್ತಿ ಹಿಡಿದರು. ಅದು ಪರತತ್ತ್ವದ ಮಾತು, ಪಾತ್ರೆಪಗಡದ ಮಾತಲ್ಲ. ಆದರೂ ಮೊದಲ ಮನೆಯ ಸಾಮಾನು ಜಂಗಮದಂತೆ ಚಲಿಸುವ ಗುಣವುಳ್ಳದ್ದಾಗಿರಬೇಕೆಂದು ತಿಳಿಯುವುದರಲ್ಲಿ ತಪ್ಪಿಲ್ಲ. ಒಬ್ಬರೇ ಎತ್ತಿ ಮೆಟ್ಟಿಲಿಳಿಸಿ ಆಟೊದಲ್ಲಿ ಇಡಬಹುದಾದದ್ದು ಬಾಳುತ್ತದೆ. ದೊಡ್ಡ ಸೋಫಾ, ಭಾರವಾದ ಕಪಾಟುಗಳು ಮೊದಲನೆಯ ಸ್ಥಳಾಂತರದಲ್ಲಿಯೇ ಅರ್ಧ ಬೆಲೆಗೆ ಮಾರಾಟವಾಗುತ್ತವೆ.

ಈ ಅಳತೆಗೆ ಅತ್ಯಂತ ಕಷ್ಟಪಟ್ಟವರು ಆ ಮನೆಯ ತಾಯಿ. ತಮ್ಮ ಮದುವೆಯಲ್ಲಿ ತವರಿನಿಂದ ಬಂದ ಹಿತ್ತಾಳೆಯ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯುವಂತೆ ಮಾಡಿ ಮಗಳಿಗೆಂದೇ ಇಟ್ಟಿದ್ದರು. ಕೊಡವು ಗೆರೆಯ ಕಾಲುಭಾಗವನ್ನೇ ತುಂಬಿತು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯ ಅಡುಗೆ ಮಾಡಬೇಕಾದರೆ ಒಳಗೆ ಕಲಾಯಿ ಇರಬೇಕು. ನಗರದ ಬಡಾವಣೆಗಳಲ್ಲಿ ಕಲಾಯಿ ಹಾಕುವವರು ಸಿಗುವುದು ದುರ್ಲಭ. ನೀರು ತುಂಬಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ. ಇದೆಲ್ಲ ತಿಳಿದಿದ್ದರೂ ತಾಯಿಯ ಕರುಳಿಗೆ ಪ್ರೀತಿಯ ತೂಕವನ್ನು ಬೇರೆ ಹೇಗೆ ಕೊಡಬೇಕೆಂಬುದು ಹೊಳೆಯಲಿಲ್ಲ. ಆಕೆ ಕೊಡವನ್ನು ತಾವೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಬರಲಿಲ್ಲ.

ಹೊರಗೆ ಬಂದಾಗ ಕೈಯಲ್ಲಿದ್ದುದು ಮನೆಯ ರೊಟ್ಟಿ ಹಂಚು. ಇಪ್ಪತ್ತು ವರ್ಷಗಳಿಂದ ದಿನಕ್ಕೆರಡು ಹೊತ್ತು ಒಲೆಯ ಮೇಲೆ ಕುಳಿತು ಕನ್ನಡಿಯಂತೆ ನುಣುಪಾದ ಕಬ್ಬಿಣದ ಹಂಚು. "ಹೊಸಾದು ನಾ ತಗೋತೀನಿ. ಪಳಗಿದ್ದು ನೀ ಒಯ್ಯಿ," ಎಂದರು. ಹೊಸ ಹಂಚನ್ನು ಪಳಗಿಸುವ ಶ್ರಮ ಎಷ್ಟೆಂಬುದು ರೊಟ್ಟಿ ಮಾಡುವವರಿಗೇ ಗೊತ್ತು. ತೊಳೆದು ಒರೆಸಿ, ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ ಸವರಿ ಕಾಯಿಸಬೇಕು. ಹಲವು ದಿನ ಹೀಗೆ ಮಾಡಿದ ಮೇಲೆಯೇ ಅದು ಹಿಡಿತಕ್ಕೆ ಬರುವುದು. ಮೇಲೆ ಲೇಪನ ಹಚ್ಚಿದ ಬಾಣಲೆ, ತವಾಗಳು ಕೊಂಡ ದಿನ ಚೆಂದ. ದಿನ ಕಳೆದಂತೆ ಲೇಪನ ಸವೆದು ಬದಲಿಸಬೇಕಾಗುತ್ತದೆ. ಕಬ್ಬಿಣದ ಹಂಚು ಬಳಸಿದಷ್ಟೂ ಒಳ್ಳೆಯದಾಗುತ್ತದೆ. ಅದಕ್ಕೆ ಬೇಕಾದ ಆರೈಕೆ ಎರಡೇ: ನೀರಿನಲ್ಲಿ ನೆನೆಯಲು ಬಿಡಬಾರದು, ತೊಳೆದ ಕೂಡಲೇ ಒಣಗಿಸಿ ಒಂದು ಹನಿ ಎಣ್ಣೆ ಸವರಬೇಕು. ಅಂದು ಸೇರಿದ ಕೊಡುಗೆಗಳಲ್ಲಿ ಹಳೆಯದಾಗಿದ್ದುದು ಇದೊಂದೇ, ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವುದೂ ಇದೇ.

ಇಲ್ಲಿ ಒಂದು ವ್ಯಾವಹಾರಿಕ ಎಚ್ಚರಿಕೆ ಅಗತ್ಯ. ನಗರದ ಅನೇಕ ಬಾಡಿಗೆ ಮನೆಗಳಲ್ಲಿ ಮೊದಮೊದಲು ಇಂಡಕ್ಷನ್ ಒಲೆಯೇ ಗತಿ. ಅದರ ಮೇಲೆ ತಳ ಸಪಾಟಾಗಿರುವ, ಅಯಸ್ಕಾಂತ ಅಂಟುವ ಪಾತ್ರೆ ಮಾತ್ರ ಕಾಯುತ್ತದೆ. ಬರಿಯ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ. ತಳ ಗುಂಡಾಗಿರುವ ಹಂಚು ಸರಿಯಾಗಿ ಕೂಡುವುದಿಲ್ಲ. ಪಾತ್ರೆ ಕೊಳ್ಳುವವರು ಚಿಕ್ಕ ಅಯಸ್ಕಾಂತವೊಂದನ್ನು ಅಂಗಡಿಗೆ ಒಯ್ದು ತಳಕ್ಕೆ ಹಿಡಿದು ನೋಡಿದರೆ ಸಾಕು. ಪ್ರೆಶರ್ ಕುಕ್ಕರು ಕೊಡುವುದಾದರೆ ಒಬ್ಬರಿಬ್ಬರಿಗೆ 3 ಲೀಟರಿನದು ಸಾಲುತ್ತದೆ. ಗೃಹಬಳಕೆಯ ಕುಕ್ಕರುಗಳಿಗೆ ಐಎಸ್‌ಐ ಗುರುತು 2021ರಿಂದ ಕಡ್ಡಾಯವಾಗಿದೆ. ಗುರುತಿಲ್ಲದ್ದನ್ನು ಅಗ್ಗವೆಂದು ಕೊಳ್ಳಬಾರದು. ಕುಕ್ಕರಿನ ಜೊತೆಗೆ ಬದಲಿ ರಬ್ಬರು ಸುತ್ತನ್ನೂ ಸುರಕ್ಷತಾ ವಾಲ್ವನ್ನೂ ಕೊಡುವವರು ನಿಜವಾಗಿ ಮುಂದಾಲೋಚನೆಯುಳ್ಳವರು. ಪಾತ್ರೆ ಗಟ್ಟಿಯಾಗಿದ್ದರೂ ರಬ್ಬರು ಸವೆದ ದಿನ ಅಡುಗೆ ನಿಲ್ಲುತ್ತದೆ, ಮತ್ತೆ ಹೋಟೆಲಿನ ಪೊಟ್ಟಣ ಮನೆಗೆ ಬರುತ್ತದೆ.

ಒಬ್ಬರೇ ಇರುವ ಮನೆಗೆ ಒಂದು ತಾಟು ಸಾಕೆಂದು ತೋರುತ್ತದೆ. ಅಜ್ಜಿ ಎರಡು ತಾಟು, ಎರಡು ಬಟ್ಟಲು, ಎರಡು ಲೋಟಗಳನ್ನು ಗೆರೆಯೊಳಗೆ ಇರಿಸಿದರು. ಇದು ಅಳತೆಯನ್ನು ಮೀರಿದುದಲ್ಲವೇ ಎಂದು ಯಾರಾದರೂ ಕೇಳಬಹುದು. ಮೀರಿದುದಲ್ಲ, ಇದೇ ಶರಣರ ಅಳತೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಬೇಡವೆಂದರೇ ಹೊರತು ದಾಸೋಹವನ್ನು ಬೇಡವೆನ್ನಲಿಲ್ಲ. ಅವರ ಅಂದಿನ ಅಗತ್ಯದ ಲೆಕ್ಕದಲ್ಲಿ ಮನೆಗೆ ಬರುವ ಜಂಗಮರ ಪಾಲು ಮೊದಲೇ ಸೇರಿತ್ತು. ತನ್ನೊಬ್ಬಳಿಗೆ ಮಾತ್ರ ಅಡುಗೆ ಮಾಡಿಕೊಳ್ಳುವ ಮನೆಯಲ್ಲಿ ಅಡುಗೆ ಮಾಡುವ ಬೇಸರವೂ ಬೇಗನೆ ಬರುತ್ತದೆ. ಎರಡನೆಯ ತಾಟು ಇರುವ ಮನೆಯಲ್ಲಿ ಯಾರನ್ನಾದರೂ ಕರೆಯಬೇಕೆಂಬ ನೆನಪು ಉಳಿಯುತ್ತದೆ. ಆ ಮಗಳ ಮನೆಯಲ್ಲಿ ಎರಡನೆಯ ತಾಟಿಗೆ ಮೊದಲು ಕುಳಿತವಳು ಅದೇ ಕಟ್ಟಡದಲ್ಲಿದ್ದ, ಬೇರೆ ರಾಜ್ಯದಿಂದ ಬಂದ, ಭಾಷೆ ಬಾರದ ಸಹೋದ್ಯೋಗಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಜಾತಿ ಕುಲ ಭಾಷೆಗಳನ್ನು ಕೇಳದೆ ಬಡಿಸುವುದನ್ನು ಕಲ್ಯಾಣದ ಮಹಾಮನೆ ಕಲಿಸಿತು. ನಾಲ್ಕು ಅಡಿ ಕಟ್ಟೆಯ ಅಡುಗೆಮನೆಯೂ ಅದನ್ನು ನಡೆಸಬಲ್ಲದು.

ಹಾಸಿಗೆ ಹೊದಿಕೆಗಳ ವಿಷಯದಲ್ಲಿ ಧಾರವಾಡ ಸೀಮೆಯು ಬಹು ಶ್ರೀಮಂತ. ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಮನೆಯ ಮಗ್ಗಗಳಲ್ಲಿ ಹೆಣ್ಣುಮಕ್ಕಳೇ ಹತ್ತಿಯ ನೂಲಿನಿಂದ ನೇಯುವ ಈ ಜಮಖಾನವು ವರ್ಷಗಟ್ಟಲೆ ಬಾಳುತ್ತದೆ. ಹಾಸಿದರೆ ಬೈಠಕ್ಕು, ಮಡಚಿದರೆ ದಿಂಬು, ಅತಿಥಿ ಬಂದರೆ ಹಾಸಿಗೆ. ಮಂಚ ಕುರ್ಚಿಗಳಿಲ್ಲದ ಕೋಣೆಗೆ ಇದಕ್ಕಿಂತ ಉಪಯುಕ್ತವಾದ ಕೊಡುಗೆ ಅಪರೂಪ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜದ ತಯಾರಿಕೆಗೆ ಹೆಸರಾದುದು. ಖಾದಿಯ ಹೊದಿಕೆ, ಟವೆಲುಗಳು ಈ ಭಾಗದಲ್ಲಿ ಸುಲಭವಾಗಿ ದೊರೆಯುತ್ತವೆ. ಜೇಡರ ದಾಸಿಮಯ್ಯನವರು ನೇಯ್ಗೆಯನ್ನೂ ಕದಿರ ರೆಮ್ಮವ್ವೆಯವರು ನೂಲುವುದನ್ನೂ ಕಾಯಕವೆಂದು ಬಾಳಿದವರು. ಇಂತಹ ಬಟ್ಟೆಯನ್ನು ಕೊಂಡಾಗ ಪಡೆದವರಿಗೆ ಹಾಸಿಗೆಯಾಗುತ್ತದೆ, ನೇಯ್ದವರಿಗೆ ಅನ್ನವಾಗುತ್ತದೆ. ಒಂದು ಕೊಡುಗೆಯಿಂದ ಎರಡು ಮನೆಗಳು ನಿಲ್ಲುತ್ತವೆ.

ಕೌದಿಯ ಮಾತೇ ಬೇರೆ. ಅಜ್ಜಿಯ ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಮಗುವಾಗಿದ್ದಾಗ ತೊಟ್ಟ ಲಂಗ ಇವೆಲ್ಲ ಪದರು ಪದರಾಗಿ ಸೇರಿ ಸಾಲು ಹೊಲಿಗೆಯಲ್ಲಿ ಒಂದಾಗುತ್ತವೆ. ಕೊಳ್ಳಲು ಹಣ ಬೇಕಿಲ್ಲ, ಕೂಡಿಸಲು ತಾಳ್ಮೆ ಬೇಕು. ನಗರದಲ್ಲಿ ಅದರ ಒಂದೇ ತೊಡಕೆಂದರೆ ತೊಳೆದಾಗ ಬಹಳ ಭಾರವಾಗುವುದು. ಮೇಲೊಂದು ತೆಳುವಾದ ಖಾದಿ ಹೊದಿಕೆಯನ್ನು ಹಾಕಿ ಅದನ್ನಷ್ಟೇ ಆಗಾಗ ಒಗೆದರೆ, ಕೌದಿಯನ್ನು ಬಿಸಿಲಿನಲ್ಲಿ ಒಣಹಾಕಿದರೆ ಸಾಕು. ಬಟ್ಟೆ ಒಣಹಾಕಲು ಗಟ್ಟಿಯಾದ ಹಗ್ಗವೂ ಬೇಕು. ಹುಲ್ಲು ತಂದು ಹಗ್ಗ ಹೊಸೆಯುವುದನ್ನೇ ಲಿಂಗಪೂಜೆಗೆ ಸಮನಾಗಿ ಕಂಡ ನುಲಿಯ ಚಂದಯ್ಯನವರನ್ನು ನೆನೆದರೆ ಹಗ್ಗದ ಸುರುಳಿಯೊಂದನ್ನು ಕೊಡುಗೆಯಾಗಿ ಕೊಡಲು ಯಾರಿಗೂ ನಾಚಿಕೆಯಾಗಲಾರದು.

ಅದೇ ರೀತಿ ಕಸಬರಿಗೆ. ಶುಭ ಸಮಾರಂಭಕ್ಕೆ ಕಸಬರಿಗೆ ಒಯ್ಯುವುದುಂಟೇ ಎಂದು ಹುಬ್ಬೇರಿಸುವವರು ಶಿವಶರಣೆ ಸತ್ಯಕ್ಕನವರನ್ನು ಸ್ಮರಿಸಬೇಕು. ಭಕ್ತರ ಮನೆಗಳ ಅಂಗಳ ಗುಡಿಸುವುದೇ ಅವರ ಕಾಯಕ. ಕಾಯಕದಿಂದ ಬಂದುದನ್ನಲ್ಲದೆ ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟದ ನಿಷ್ಠೆ ಅವರದು. ಅವರ ಕೈಯ ಪೊರಕೆಯು ಯಾವ ಆಭರಣಕ್ಕೂ ಕಡಿಮೆಯಾದುದಲ್ಲ. ಒಂದು ಸ್ಕ್ರೂಡ್ರೈವರು, ಒಂದು ಇಕ್ಕಳ, ಒಂದು ಟಾರ್ಚು, ಸೂಜಿದಾರ, ಕತ್ತರಿ ಇವನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರೆ, ನಲ್ಲಿಯ ಸಡಿಲಾದ ತಿರುಪನ್ನು ಬಿಗಿ ಮಾಡುವುದಕ್ಕೂ ಕಿತ್ತುಹೋದ ಗುಂಡಿಯನ್ನು ಹೊಲಿಯುವುದಕ್ಕೂ ಮಕ್ಕಳು ಇನ್ನೊಬ್ಬರ ಬಾಗಿಲು ಕಾಯಬೇಕಾಗುವುದಿಲ್ಲ. ತನ್ನ ಮನೆಯ ಕೆಲಸಕ್ಕೆ ತನ್ನ ಕೈ ಹಾಕುವವರೇ ಆ ಮನೆಯ ಒಡೆಯರು.

ಇಷ್ಟಲಿಂಗದೀಕ್ಷೆ ಪಡೆದ ಮಕ್ಕಳಿಗೆ ಪೂಜೆಯ ವ್ಯವಸ್ಥೆ ಏನೆಂದು ಹಿರಿಯರು ಕಳವಳಪಡುವುದುಂಟು. ದೇವರ ಕೋಣೆ ಇಲ್ಲದ ಮನೆ ಎಂದು ಕೊರಗುವ ಕಾರಣವಿಲ್ಲ. ಬಸವಾದಿ ಪ್ರಮಥರು ದೇವರನ್ನು ಅಂಗೈಗೆ ತಂದುಕೊಟ್ಟರು. ಕುಳಿತುಕೊಳ್ಳುವಷ್ಟು ನೆಲವಿದ್ದರೆ ಅದೇ ಪೂಜಾಗೃಹ. ಒಂದು ಕಂಬಳಿಯ ಆಸನ, ಕರಡಿಗೆಗೆ ಹೊಸ ಶಿವದಾರ, ಒಂದು ವಿಭೂತಿ ಗಟ್ಟಿ, ಅಭಿಷೇಕಕ್ಕೆ ಸಣ್ಣ ಬಟ್ಟಲು ಇಷ್ಟು ಸಾಕು. ದೊಡ್ಡ ಮಂಟಪ, ಹಲವು ಮೂರ್ತಿಗಳನ್ನು ಕೊಟ್ಟು ಪುಟ್ಟ ಕೋಣೆಯನ್ನು ತುಂಬಿಸುವುದು ಶರಣ ಮಾರ್ಗಕ್ಕೂ ಹೊಂದುವುದಿಲ್ಲ.

ಜೊತೆಗೊಂದು ವಚನ ಪುಸ್ತಕ. ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳು ಗ್ರಂಥಾಲಯಕ್ಕೆ ಭೂಷಣ. ಮೊದಲ ಮನೆಗೆ ಒಂದು ಸಣ್ಣ ಸಂಕಲನವೇ ಲೇಸು. ಅದನ್ನು ಕೈಗಿಡುವಾಗ ಧಾರವಾಡದಲ್ಲಿ ಹುಟ್ಟಿದ ಡಾ. ಫ. ಗು. ಹಳಕಟ್ಟಿಯವರನ್ನು (1880-1964) ನೆನೆಯಬೇಕು. ತಾಳೆಗರಿಗಳಲ್ಲಿ ಮರೆಯಾಗಿದ್ದ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದವರು ಅವರು. ಮುದ್ರಣದ ಕಾರ್ಯಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಬಾಡಿಗೆ ಮನೆಯಲ್ಲಿ ಬಾಳಿದರು. ನಾಡಿಗೆ ವಚನಗಳು ದೊರೆತುದು ಒಬ್ಬ ಬಾಡಿಗೆ ಮನೆಯವರ ಕೊಡುಗೆಯಾಗಿ ಎಂಬುದನ್ನು ತಿಳಿದರೆ, ಸ್ವಂತ ಸೂರಿಲ್ಲವೆಂದು ಯಾವ ಯುವಕನೂ ಯುವತಿಯೂ ಕುಗ್ಗಬೇಕಾಗಿಲ್ಲ.

ಕೊನೆಯದಾಗಿ ಹೆಸರಿನ ವಿಷಯ. ಸ್ಟೀಲು ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ದಿನಾಂಕಗಳನ್ನು ಕೊರೆಸುವ ರೂಢಿ ನಮ್ಮ ಭಾಗದಲ್ಲಿ ಬಲವಾಗಿದೆ. ನೆನಪಿಗೆಂದು ಮಾಡಿದರೆ ದೋಷವಿಲ್ಲ. ಆದರೆ ಯಾರು ಎಷ್ಟು ಕೊಟ್ಟರೆಂಬ ಲೆಕ್ಕಕ್ಕೆ ಅದು ಮೊದಲಾದರೆ ಕೊಡುಗೆಯು ಸಾಲವಾಗುತ್ತದೆ. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರ ಇಲ್ಲಿಯೇ ಇದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತಾನು ಕೊಟ್ಟೆನೆಂಬ ಭಾವ ಅಳಿದಲ್ಲಿ ಮಾತ್ರ ದಾಸೋಹ ಪೂರ್ಣವಾಗುತ್ತದೆ.

ಗಡಿಯಾರವನ್ನು ಹಿಂದಕ್ಕೆ ಸರಿಸಿದ ಆ ಸೋದರಮಾವ ಅಂದು ಸಂಜೆ ಮಾಡಿದ ಕಾರ್ಯ ಈ ದೃಷ್ಟಿಯಿಂದ ಗಮನಾರ್ಹ. ಬೆಂಗಳೂರಿನಲ್ಲಿ ಮನೆ ಹಿಡಿಯುವವರು ಹಲವು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಇಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅತ್ಯಂತ ಕಠಿಣವಾದುದು ಅದೇ. ಮಗಳು ಆ ಹಣಕ್ಕಾಗಿ ಬಡ್ಡಿಯ ಸಾಲ ಮಾಡಲು ಹೊರಟಿದ್ದುದು ಅವರಿಗೆ ತಿಳಿದಿತ್ತು. ಬಂಧುಗಳು ನಾಲ್ಕು ಜನರನ್ನು ಕರೆದು ಮಾತನಾಡಿ, ಯಾರೆಷ್ಟೆಂದು ಬರೆಯದೆ ಹಣ ಕೂಡಿಸಿ ಆಕೆಯ ಕೈಗಿಟ್ಟರು. "ಇದನ್ನ ನಮಗ ತಿರುಗಿ ಕೊಡೂದು ಬ್ಯಾಡ. ಮನಿ ಬಿಡೂ ಮುಂದ ಮಾಲಕರು ಕೊಡ್ತಾರಲಾ, ಆವಾಗ ನಮ್ಮ ಊರಿಂದ ಯಾರ್ ಹೊಸದಾಗಿ ಬರ್ತಾರ ಅವರಿಗೆ ಕೊಡು," ಎಂಬುದೊಂದೇ ಕರಾರು. ಮುಂದೆ ಆಕೆ ಮದುವೆಯಾಗಿ ಆ ಮನೆ ಬಿಟ್ಟಾಗ ಆ ಹಣವು ಊರಿನ ಇನ್ನೊಬ್ಬ ಹುಡುಗನ ಮೊದಲ ಮನೆಯ ಮುಂಗಡವಾಯಿತು. ಆತನಿಗೆ ಮೂಲದಲ್ಲಿ ಕೊಟ್ಟವರಾರೆಂಬುದು ತಿಳಿಯದು. ತಿಳಿಯಬೇಕೆಂದು ಕೊಟ್ಟವರಾರೂ ಬಯಸಲಿಲ್ಲ.

ಆಯೇರಿಯ ಮೂಲ ಉದ್ದೇಶವೇ ಇದು. ಒಂದು ಮನೆ ಹೊಸದಾಗಿ ನಿಲ್ಲುವಾಗ ಹತ್ತು ಮನೆಗಳು ಹೆಗಲು ಕೊಡುವುದು. ಕಾಲಕ್ರಮದಲ್ಲಿ ಹೆಗಲಿನ ಸ್ಥಾನಕ್ಕೆ ಹೊಳೆಯುವ ಕಾಗದದ ಪೆಟ್ಟಿಗೆ ಬಂದಿತು. ಸದ್ಭಕ್ತರು ಮುಂದೆ ಯಾವುದೇ ಮಗುವಿನ ಮೊದಲ ಮನೆಗೆ ಹೊರಡುವಾಗ ಮೂರು ಪ್ರಶ್ನೆಗಳನ್ನು ತಮ್ಮೊಳಗೆ ಕೇಳಿಕೊಳ್ಳುವುದು ಒಳಿತು. ಇದು ಆ ಮನೆಯ ಅಳತೆಗೆ ಒಪ್ಪುವುದೇ? ಇದರಿಂದ ಆ ಮಗುವಿನ ಕೈ ಕೆಲಸ ಕಲಿಯುವುದೇ? ಇದರಿಂದ ಇನ್ನೊಬ್ಬರಿಗೆ ಒಂದು ತುತ್ತು ಅಥವಾ ಒಂದು ರಾತ್ರಿಯ ಆಸರೆ ದೊರೆಯುವುದೇ? ಮೂರಕ್ಕೂ ಹೌದೆಂಬ ಉತ್ತರ ಬಂದ ವಸ್ತು ಹತ್ತು ರೂಪಾಯಿಯದಾದರೂ ಅದು ಪ್ರಸಾದವಾಗುತ್ತದೆ.

ಹೊಸ್ತಿಲು ಸ್ವಚ್ಛವಾಗಿರಲಿ, ಒಲೆ ಹತ್ತಲಿ, ಅಂಗೈಯಲ್ಲಿ ಲಿಂಗವಿರಲಿ, ಎರಡನೆಯ ತಾಟು ಬರಿದಾಗದಿರಲಿ. ದೂರದ ಊರುಗಳಲ್ಲಿ ಪುಟ್ಟ ಮನೆಗಳನ್ನು ಹೂಡಿರುವ ಎಲ್ಲ ಮಕ್ಕಳಿಗೂ ಬಸವಾದಿ ಪ್ರಮಥರ ಕೃಪೆಯಿರಲಿ.